ಚಳಿಗಾಲದಲ್ಲಿ ಅಗ್ನಿನಂದಕದ ಜೋಪಾನ

ಕಾಯುವ ವಸ್ತುವನ್ನೂ ಒಬ್ಬರು ಕಾಯಬೇಕಾಗುತ್ತದೆ. ಬಾಗಿಲಿಗೆ ಬೀಗ ಹಾಕುವ ಗೃಹಸ್ಥನು ಆ ಬೀಗಕ್ಕೆ ತುಕ್ಕು ಹಿಡಿಯದಂತೆ ಆಗಾಗ ಎಣ್ಣೆ ಬಿಡುತ್ತಾನೆ. ಮಳೆಗಾಲಕ್ಕೆ ಮುಂಚೆ ಕೊಡೆಯನ್ನು ಬಿಚ್ಚಿ ನೋಡುತ್ತಾನೆ. ಆದರೆ ಬೆಂಕಿಯನ್ನು ಆರಿಸಲೆಂದು ತಂದ ಕೆಂಪು ಸಿಲಿಂಡರಿನ ವಿಷಯದಲ್ಲಿ ಮಾತ್ರ ಅನೇಕರು ಉದಾಸೀನರು. ಅದನ್ನು ಗೋಡೆಗೆ ತೂಗುಹಾಕಿದ ದಿನವೇ ಕರ್ತವ್ಯವು ಮುಗಿಯಿತೆಂದು ಭಾವಿಸಿಬಿಡುತ್ತಾರೆ. ಅತಿಶೀತ ಪ್ರದೇಶಗಳಲ್ಲಿ ಈ ಉದಾಸೀನವು ಪ್ರಾಣಕ್ಕೇ ಸಂಚಕಾರವಾಗಬಲ್ಲದು.

ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಮೋಟಾರ್‌ಹೋಮ್ ಎಂಬ ವಾಹನವುಂಟು. ಹಾಸಿಗೆ, ಅಡುಗೆಯ ಒಲೆ, ಶೀತಪೆಟ್ಟಿಗೆ, ಸ್ನಾನದ ಕೋಣೆ ಎಲ್ಲವೂ ಇರುವ ಚಲಿಸುವ ಮನೆಯಿದು. ಕೆಲವರು ಇದನ್ನು ಕೊಂಡಿರುತ್ತಾರೆ. ಹಲವರು ತಂದೆತಾಯಿಗಳು ಊರಿನಿಂದ ಬಂದಾಗ ನಾಲ್ಕಾರು ದಿನಗಳ ಪ್ರವಾಸಕ್ಕೆಂದು ಬಾಡಿಗೆಗೆ ಪಡೆಯುತ್ತಾರೆ. ಈ ವಾಹನಗಳಲ್ಲಿ ಅಗ್ನಿನಂದಕವನ್ನು ಇಟ್ಟೇ ಮಾರುತ್ತಾರೆ. ಸಾಮಾನ್ಯವಾಗಿ ಅದು ಮುಖ್ಯ ಬಾಗಿಲಿನ ಪಕ್ಕದಲ್ಲಿರುತ್ತದೆ.

ಹಿಮ ಬೀಳುವ ಕಾಲದಲ್ಲಿ ಬೆಂಕಿಯ ಭಯವೆಲ್ಲಿ ಎಂದು ಯಾರಾದರೂ ಕೇಳಬಹುದು. ವಾಸ್ತವದಲ್ಲಿ ಆ ವಾಹನದೊಳಗೆ ಉರಿಯ ಉಪಯೋಗವು ಹೆಚ್ಚುವುದು ಚಳಿಗಾಲದಲ್ಲಿಯೇ. ಪ್ರೊಪೇನ್ ಅನಿಲದಿಂದ ಕೋಣೆ ಬೆಚ್ಚಗಾಗಬೇಕು, ಅದೇ ಅನಿಲದಿಂದ ಒಲೆ ಉರಿಯಬೇಕು. ಸಾಲದೆಂದು ವಿದ್ಯುತ್ ಹೀಟರನ್ನೂ ಹಚ್ಚುತ್ತಾರೆ. ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಗೋಡೆಗಳಾದರೋ ತೆಳುವಾದ ಮರದ ಹಲಗೆ, ಫೋಮ್, ಪ್ಲಾಸ್ಟಿಕ್‌ಗಳಿಂದಾದವು. ಇಂಥಲ್ಲಿ ಹತ್ತಿದ ಬೆಂಕಿ ವ್ಯಾಪಿಸಲು ಹೆಚ್ಚು ಹೊತ್ತು ಬೇಕಿಲ್ಲ. ಹೀಗೆ ಅಗ್ನಿನಂದಕದ ಅಗತ್ಯವು ಅತ್ಯಧಿಕವಾಗಿರುವ ಕಾಲವೇ ಅದರ ಶಕ್ತಿಯು ಶೀತದಿಂದ ಕುಂದುವ ಕಾಲವೂ ಆಗಿದೆ.

ಎಲ್ಲ ಅಗ್ನಿನಂದಕಗಳೂ ಶೀತಕ್ಕೆ ಒಂದೇ ಬಗೆಯಲ್ಲಿ ಸೋಲುವುದಿಲ್ಲ. ಸಿಲಿಂಡರಿನ ಮೈಮೇಲಿನ ಲೇಬಲ್ಲಿನಲ್ಲಿ ಅದನ್ನು ಎಷ್ಟು ಉಷ್ಣತೆಯಿಂದ ಎಷ್ಟು ಉಷ್ಣತೆಯವರೆಗೆ ಇಡಬಹುದೆಂದು ಮುದ್ರಿಸಿರುತ್ತಾರೆ. ಅಮೆರಿಕದ ಲೆಕ್ಕವು ಫ್ಯಾರನ್‌ಹೀಟಿನಲ್ಲಿರುತ್ತದೆ. ನೀರಿನ ಅಗ್ನಿನಂದಕ, ನೊರೆಯ ಅಗ್ನಿನಂದಕ, ಅಡುಗೆ ಎಣ್ಣೆಯ ಬೆಂಕಿಗೆಂದೇ ಮಾಡಿದ ‘ಕೆ’ ವರ್ಗದ ದ್ರವ ಅಗ್ನಿನಂದಕ, ಇವುಗಳ ಮೇಲೆ ಸಾಮಾನ್ಯವಾಗಿ 40ರಿಂದ 120 ಡಿಗ್ರಿ ಎಂದಿರುತ್ತದೆ. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಇದು ಸುಮಾರು 4ರಿಂದ 49. ಒಣಪುಡಿಯ ಅಗ್ನಿನಂದಕಗಳಲ್ಲಿ ಬಹುಪಾಲಿನ ಮೇಲೆ ಮೈನಸ್ 40ರಿಂದ 120 ಎಂದೋ, ಮೈನಸ್ 65ರಿಂದ 120 ಎಂದೋ ಇರುತ್ತದೆ. ಮೈನಸ್ 40 ಎಂಬುದು ಫ್ಯಾರನ್‌ಹೀಟ್, ಸೆಲ್ಸಿಯಸ್ ಎರಡರಲ್ಲಿಯೂ ಒಂದೇ ಬಿಂದು. ಮೈನಸ್ 65 ಫ್ಯಾರನ್‌ಹೀಟ್ ಎಂದರೆ ಮೈನಸ್ 54 ಸೆಲ್ಸಿಯಸ್. ಆದ್ದರಿಂದ ಲೇಬಲ್ಲಿನ 40ರ ಹಿಂದೆ ಒಂದು ಸಣ್ಣ ಅಡ್ಡಗೆರೆ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಿಟ್ಟು ನೋಡಬೇಕು. ಆ ಗೆರೆಯಿದ್ದರೆ ಒಂದು ವಿಧಾನ, ಇಲ್ಲದಿದ್ದರೆ ಬೇರೊಂದು.

ಗೆರೆಯಿಲ್ಲದವುಗಳ ವಿಷಯವನ್ನು ಮೊದಲು ನೋಡೋಣ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಸಿಲಿಂಡರಿನ ಕವಾಟ, ಒಳಗಿನ ಕೊಳವೆ, ರಬ್ಬರ್ ಬಳೆಗಳು ಸೀಳಬಹುದು. ಹೆಪ್ಪುಗಟ್ಟಿರುವಾಗ ಹಿಡಿಯನ್ನು ಒತ್ತಿದರೆ ಏನೂ ಹೊರಬಾರದು. ಮಂಜು ಕರಗಿದ ಮೇಲೆ ಹೊರನೋಟಕ್ಕೆ ಎಲ್ಲವೂ ಸರಿಯಾಗಿ ಕಾಣುವುದರಿಂದ ಅಪಾಯವು ಮತ್ತಷ್ಟು ಹೆಚ್ಚು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಲ್ಲವರಿಂದ ಪರೀಕ್ಷೆ ಮಾಡಿಸದೆ ನಂಬಬಾರದು. ಚಿಕ್ಕದಾಗಿದ್ದರೆ ಹೊಸದನ್ನೇ ಕೊಳ್ಳುವುದು ಲೇಸು. ಅಡುಗೆಮನೆಗೆಂದು ಮಾರುವ, ಸುಗಂಧದ ಡಬ್ಬಿಯಂತಿರುವ ಸಣ್ಣ ಸಿಂಪಡಿಕೆಗಳಲ್ಲಿಯೂ ಅನೇಕವು ನೀರನ್ನೇ ಆಧರಿಸಿದವು. ಅವುಗಳನ್ನೂ ಇದೇ ಗುಂಪಿಗೆ ಸೇರಿಸಿಕೊಳ್ಳಬೇಕು. ಚಳಿಗಾಲಕ್ಕೆ ಮುನ್ನ ವಾಹನದ ನೀರಿನ ಕೊಳವೆಗಳಿಗೆ ಗುಲಾಬಿ ಬಣ್ಣದ ಹಿಮನಿರೋಧಕ ದ್ರವವನ್ನು ಹಾಯಿಸುವ ಪದ್ಧತಿಯುಂಟು. ಅದೇ ದ್ರವವನ್ನು ಅಗ್ನಿನಂದಕಕ್ಕೂ ಸುರಿಯುವ ಸಾಹಸವನ್ನು ಯಾರೂ ಮಾಡಬಾರದು. ಅದಕ್ಕೆಂದೇ ಅಂಗೀಕೃತವಾದ ದ್ರವಗಳು ಬೇರೆ. ಅವನ್ನು ತುಂಬುವವರೂ ಬೇರೆ.

ಇನ್ನು ಒಣಪುಡಿಯದು. ‘ಬಿ-ಸಿ’ ವರ್ಗದ ಹಲವು ಸಿಲಿಂಡರುಗಳಲ್ಲಿರುವುದು ಅಡುಗೆ ಸೋಡಾದ ಜಾತಿಯ ಸೋಡಿಯಂ ಬೈಕಾರ್ಬನೇಟ್. ‘ಎ-ಬಿ-ಸಿ’ ವರ್ಗದಲ್ಲಿರುವುದು ಮಾನೋ ಅಮೋನಿಯಂ ಫಾಸ್ಫೇಟ್. ಪುಡಿಯು ಒಣಗಿರುವುದರಿಂದ ಹೆಪ್ಪುಗಟ್ಟುವ ಪ್ರಶ್ನೆಯಿಲ್ಲ. ಆದರೆ ಪುಡಿಯನ್ನು ಹೊರಕ್ಕೆ ನೂಕುವುದು ಒಳಗೆ ತುಂಬಿದ ಸಾರಜನಕದ ಒತ್ತಡ. ಚಳಿ ಹೆಚ್ಚಿದಂತೆ ಅದು ಇಳಿಯುತ್ತದೆ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಅಂಗುಲಕ್ಕೆ 195 ಪೌಂಡ್ ಒತ್ತಡವಿದ್ದ ಸಿಲಿಂಡರು ಮೈನಸ್ 40ರಲ್ಲಿ ಸುಮಾರು 150 ಪೌಂಡಿಗೆ ಬರುತ್ತದೆ. ಲೇಬಲ್ಲಿನ ಮಿತಿಯೊಳಗೆ ಇದರಿಂದ ಕೆಲಸ ಕೆಡದು. ಕೊರೆಯುವ ಚಳಿಯಲ್ಲಿ ಮುಳ್ಳು ಹಸಿರು ಭಾಗದಿಂದ ಸ್ವಲ್ಪ ಕೆಳಗಿಳಿದಿದ್ದರೆ ಗಾಬರಿಯಾಗದೆ, ಸಿಲಿಂಡರನ್ನು ಕೋಣೆಯ ಉಷ್ಣತೆಗೆ ತಂದು ಮತ್ತೆ ನೋಡಬೇಕು. ಆಗಲೂ ಮುಳ್ಳು ಮೇಲೇರದಿದ್ದರೆ ಅನಿಲವು ಸೋರಿದೆಯೆಂದೇ ತಿಳಿಯಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗಾದರೋ ಸಾಮಾನ್ಯವಾಗಿ ಮಾಪಕವೇ ಇರುವುದಿಲ್ಲ; ಅದನ್ನು ತೂಕದಿಂದಲೇ ಪರೀಕ್ಷಿಸುತ್ತಾರೆ.

ಮಿತಿಯು ಮೈನಸ್ 40 ಎಂದಿದ್ದರೆ ಸಾಲದೇ ಎಂದರೆ, ಬಹುತೇಕ ಊರುಗಳಿಗೆ ಸಾಕು, ಎಲ್ಲಕ್ಕೂ ಅಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ರೋಜರ್ಸ್ ಪಾಸ್ ಎಂಬಲ್ಲಿ 1954ರ ಜನವರಿ 20ರಂದು ಮೈನಸ್ 57 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಕೆನಡಾದ ಯೂಕಾನ್ ಪ್ರಾಂತದ ಸ್ನ್ಯಾಗ್‌ನಲ್ಲಿ 1947ರ ಫೆಬ್ರವರಿ 3ರಂದು ಮೈನಸ್ 63ಕ್ಕೆ ಇಳಿದಿತ್ತು. ಇವು ಅಪರೂಪದ ದಿನಗಳೇ ಆದರೂ ಉತ್ತರದ ಒಳನಾಡುಗಳಲ್ಲಿ ವಾಹನವನ್ನು ನಿಲ್ಲಿಸುವವರು ತಮ್ಮ ಊರಿನ ಅತ್ಯಲ್ಪ ಉಷ್ಣತೆಯನ್ನೂ ಲೇಬಲ್ಲಿನ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಈಗ ಆಚರಣೆಯ ಮಾತು. ಚಳಿಗಾಲವಿಡೀ ವಾಹನವನ್ನು ಬಳಸದೆ ಬಯಲಿನಲ್ಲಿ ನಿಲ್ಲಿಸುವುದಾದರೆ ನೀರಿನ ಜಾತಿಯ ಅಗ್ನಿನಂದಕಗಳನ್ನು ಮನೆಯೊಳಗೆ ತಂದಿಡಬೇಕು. ಊರಿನ ಚಳಿಯು ಲೇಬಲ್ಲಿನ ಮಿತಿಯನ್ನು ಮೀರುವಂತಿದ್ದರೆ ಒಣಪುಡಿಯದನ್ನೂ ತರಬೇಕು. ಇಲ್ಲವಾದರೆ ಅದು ಇದ್ದಲ್ಲಿಯೇ ಇರಲಿ. ಕೆಲವರು ಸಿಲಿಂಡರಿಗೆ ಕಂಬಳಿ ಸುತ್ತುತ್ತಾರೆ. ಕಂಬಳಿಗೆ ತನ್ನದೇ ಆದ ಕಾವಿಲ್ಲ; ಮನುಷ್ಯನ ಮೈಗೆ ಹೊದಿಸಿದಾಗ ಮೈಯ ಕಾವನ್ನು ಅದು ಹಿಡಿದಿಡುತ್ತದೆ. ಕಾವೇ ಇಲ್ಲದ ಲೋಹಕ್ಕೆ ಸುತ್ತಿದರೆ ತಣಿಯುವುದು ಕೆಲವು ಗಂಟೆ ತಡವಾಗಬಹುದಲ್ಲದೆ ತಪ್ಪುವುದಿಲ್ಲ. ಆಪತ್ತಿನಲ್ಲಿ ಅದನ್ನು ಬಿಚ್ಚುವ ಕೆಲಸ ಬೇರೆ. ಹೀಟರಿನ ಪಕ್ಕದಲ್ಲಿಡುವುದಂತೂ ಸಲ್ಲದು, ಮೇಲಿನ ಮಿತಿಯಾದ 49 ಡಿಗ್ರಿಯನ್ನು ದಾಟಿದರೆ ಅದೂ ಹಾನಿಯೇ. ಚಳಿಯಿಂದ ಒಳಗೆ ತಂದ ಸಿಲಿಂಡರಿನ ಮೇಲೆ ಹನಿಗಟ್ಟುವ ತೇವವನ್ನು ಒರೆಸಿ, ಅದನ್ನು ನೆಟ್ಟಗೆ ನಿಲ್ಲಿಸಬೇಕು.

ತೆಗೆದುದನ್ನು ಮರಳಿ ಇಡಲು ಮರೆಯುವುದು ಇನ್ನೊಂದು ದೊಡ್ಡ ಅಪಾಯ. ಆದ್ದರಿಂದ ‘ಅಗ್ನಿನಂದಕವು ಮನೆಯೊಳಗಿದೆ’ ಎಂದು ಬರೆದ ಚೀಟಿಯೊಂದನ್ನು ಚಾಲಕನ ಚಕ್ರಕ್ಕೆ ಕಟ್ಟಿಡುವುದು ಒಳ್ಳೆಯದು. ದುರಸ್ತಿಗಾಗಿಯೋ ಶುಚಿಗಾಗಿಯೋ ನಡುವೆ ಯಾರಾದರೂ ಒಳಹೊಕ್ಕು ಹೀಟರ್ ಹಚ್ಚುವುದಾದರೆ ಅದನ್ನು ಮೊದಲು ಒಯ್ದು ಅದರ ಸ್ಥಳದಲ್ಲಿಡಬೇಕು. ಚಳಿಗಾಲದಲ್ಲಿಯೂ ಪ್ರಯಾಣ ಮಾಡುವವರು ಒಣಪುಡಿಯ ‘ಎ-ಬಿ-ಸಿ’ ಅಗ್ನಿನಂದಕವನ್ನು ಇಟ್ಟುಕೊಳ್ಳುವುದು ಯೋಗ್ಯ. ಬರಿಯ ‘ಬಿ-ಸಿ’ ಪುಡಿಯು ಎಣ್ಣೆ, ಅನಿಲ, ವಿದ್ಯುತ್ತಿನ ಬೆಂಕಿಗೆ ಆಗುತ್ತದೆ. ಮರ, ಬಟ್ಟೆ, ಹಾಸಿಗೆಗಳ ಬೆಂಕಿಗೆ ಅದು ಹೇಳಿದ್ದಲ್ಲ.

ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 10ನೆಯ ಸಂಖ್ಯೆಯ ನಿಯಮಾವಳಿಯು ಅಗ್ನಿನಂದಕಗಳನ್ನು ತಿಂಗಳಿಗೊಮ್ಮೆ ನೋಡಬೇಕೆನ್ನುತ್ತದೆ. ಮುಳ್ಳು ಹಸಿರಿನಲ್ಲಿದೆಯೇ, ಪಿನ್ ಭದ್ರವಾಗಿದೆಯೇ, ನಳಿಕೆಯಲ್ಲಿ ಜೇಡವೋ ಧೂಳೋ ಕಟ್ಟಿದೆಯೇ, ಮೈಗೆ ತುಕ್ಕು ಹಿಡಿದಿದೆಯೇ ಎಂದು ನೋಡಲು ಒಂದು ನಿಮಿಷವೂ ಬೇಡ. ಮರಳಿ ತುಂಬಲಾಗದ ಸಿಲಿಂಡರನ್ನು ತಯಾರಾದ ವರ್ಷದಿಂದ 12 ವರ್ಷಗಳಾದ ಮೇಲೆ ತ್ಯಜಿಸಬೇಕೆಂದೂ ಅದರಲ್ಲಿದೆ. ಹಳೆಯ ಮೋಟಾರ್‌ಹೋಮ್ ಕೊಂಡವರು ಇನ್ನೊಂದನ್ನೂ ಗಮನಿಸಬೇಕು: 2017ರ ನವೆಂಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಕಿಡ್ಡಿ ಸಂಸ್ಥೆಯ ಪ್ಲಾಸ್ಟಿಕ್ ಹಿಡಿಯ ಹಾಗೂ ಒತ್ತುಗುಂಡಿಯ 134 ಮಾದರಿಗಳ ಹಿಂಪಡೆಯುವಿಕೆಯನ್ನು ಪ್ರಕಟಿಸಿತು. ಅವು 1973ರಿಂದ 2017ರವರೆಗೆ ತಯಾರಾದವು. ಅಂಥದು ಗೋಡೆಯಲ್ಲಿದ್ದರೆ ಬದಲಿಸಿಕೊಳ್ಳಬೇಕು.

ಇಷ್ಟೆಲ್ಲ ಜೋಪಾನ ಮಾಡಿದರೂ ಅದರ ಮಿತಿಯನ್ನು ಮರೆಯಬಾರದು. ಇಂಥ ಚಿಕ್ಕ ಸಿಲಿಂಡರಿನ ಪುಡಿಯು ಸುಮಾರು ಹತ್ತು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಮೊದಲು ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕಳಿಸಬೇಕು. ಬೆಂಕಿ ಚಿಕ್ಕದಾಗಿದ್ದು ಬಾಗಿಲು ನಮ್ಮ ಬೆನ್ನಿಗಿದ್ದರೆ ಮಾತ್ರ ಆರಿಸಲು ನಿಲ್ಲಬೇಕು. ಇಲ್ಲವಾದರೆ ಹೊರಗೆ ಬಂದು 911ಕ್ಕೆ ಕರೆ ಮಾಡಬೇಕು. ವಾಹನವನ್ನು ಮತ್ತೆ ಕೊಳ್ಳಬಹುದು.

ಕರ್ನಾಟಕದಲ್ಲಿರುವ ಓದುಗರಿಗೆ ಹಿಮದ ಬಾಧೆಯಿಲ್ಲ. ಆದರೆ ಅದೇ ಲೇಬಲ್ಲಿನ ಇನ್ನೊಂದು ತುದಿಯ 49 ಡಿಗ್ರಿ ಎಂಬ ಸಂಖ್ಯೆಯು ನಮಗೆ ಸಂಬಂಧಿಸಿದ್ದು. ಕಲಬುರಗಿ, ರಾಯಚೂರುಗಳ ಬೇಸಗೆಯ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗು ಅದನ್ನು ಸುಲಭವಾಗಿ ದಾಟುತ್ತದೆ. ನೆರಳಿನಲ್ಲಿ ನಿಲ್ಲಿಸುವ ಅಭ್ಯಾಸ ನಮಗಿರಲಿ. ಸಾಗರದಾಚೆಯ ಮಕ್ಕಳೊಡನೆ ಮುಂದಿನ ಸಲ ಮಾತನಾಡುವಾಗ ಊಟ, ಆರೋಗ್ಯಗಳನ್ನು ವಿಚಾರಿಸಿದ ಮೇಲೆ ಇದೊಂದನ್ನೂ ಕೇಳಿರಿ: ‘ಗಾಡಿಯಲ್ಲಿರುವ ಕೆಂಪು ಸಿಲಿಂಡರಿನ ಮೇಲೆ 40ರ ಹಿಂದೆ ಗೆರೆ ಇದೆಯೇನಪ್ಪಾ, ನೋಡಿದೆಯಾ?’