18ರ ನಂತರ ಬಾಗಿಲು ಮುಚ್ಚಿದವರಾರು?

ಟಿ. ದಾಸರಹಳ್ಳಿಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬದುಕುವ ಕುಟುಂಬಗಳ ಬಾಡಿಗೆ ಮನೆಗಳು ಸಾಲುಗಟ್ಟಿವೆ. ಹೆತ್ತವರು ಪಾಳಿಗೆ ಹೊರಟ ಮೇಲೆ ಮನೆಯೊಳಗೇ ಉಳಿದುಬಿಡುವ, ಆಟಿಸಂ ಅಥವಾ ಕಲಿಕಾ ನ್ಯೂನತೆಯುಳ್ಳ 25ರ ಹರೆಯದ ಮಗನ, ಮಗಳ ಬಗ್ಗೆ ನಾವೆಂದಾದರೂ ಯೋಚಿಸಿದ್ದೇವೆಯೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ವಿಧಗಳಲ್ಲಿ ಇವೆರಡೂ ಇವೆ. ಉಚಿತ ಶಿಕ್ಷಣದ ಹಕ್ಕು 18ಕ್ಕೆ ನಿಲ್ಲುತ್ತದೆ, ನಿಜ. ಆದರೆ ಸಾಂಸ್ಕೃತಿಕ ಬದುಕಿನ ಹಕ್ಕನ್ನು ಹೇಳುವ 29ನೇ ಸೆಕ್ಷನ್‌ಗೆ ವಯಸ್ಸಿನ ಗಡಿಯಿಲ್ಲ. ಹಾಗಿದ್ದರೆ ಆ ಹಕ್ಕು ಎಲ್ಲಿ ಅಡಗಿದೆ?

'ಅವರಿಗೆ ಚಿತ್ರ, ಹಾಡು ಯಾಕೆ? ಕೆಲಸ ಕೊಡಿ ಸಾಕು' ಎನ್ನುವವರಿದ್ದಾರೆ. ಕೆಲಸ ಬೇಕು. ಆದರೆ ಮಾತು ಸಲೀಸಾಗಿ ಬಾರದವರಿಗೆ ಬಣ್ಣ, ಮಣ್ಣು, ತಾಳಗಳೂ ಮಾತೇ. ಅದನ್ನು ಬೇಗ ಅರಿಯುವವರು ಅದೇ ಹಾದಿಯಲ್ಲಿ ನಡೆದವರು. 1992ರಲ್ಲಿ ಅಮೆರಿಕದಲ್ಲಿ ಆಟಿಸಂ ಉಳ್ಳ ವಯಸ್ಕರೇ ಒಟ್ಟುಗೂಡಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಬೆಂಗಳೂರಿನಲ್ಲಿ ಸ್ನೇಹಧಾರಾ ಫೌಂಡೇಶನ್ ಕಲೆಯ ಮೂಲಕವೇ ಇಂತಹವರ ಜೊತೆಗೂಡಿದೆ. ಆದರೆ ಅದಿರುವ ಜೆ.ಪಿ. ನಗರಕ್ಕೂ ದಾಸರಹಳ್ಳಿಗೂ ನಡುವೆ ಇಡೀ ನಗರವೇ ಇದೆ. ದಿನದ ಕೂಲಿ ಬಿಟ್ಟು ಅಲ್ಲಿಗೆ ಕರೆದೊಯ್ಯುವವರಾರು?

ಇಲ್ಲಿನ ಸಮುದಾಯ ಭವನವೊಂದು ವಾರಕ್ಕೊಂದು ಸಂಜೆ ಅವರಿಗಾಗಿ ತೆರೆಯಲಿ. ಕಾಗದ, ಬಣ್ಣ, ಜೇಡಿಮಣ್ಣು ಇರಲಿ. ಏನು ಮಾಡಬೇಕೆಂಬುದನ್ನು ಬಂದವರೇ ತೀರ್ಮಾನಿಸಲಿ. ನಾವು ಉಪದೇಶಿಸದೆ ದೂರ ನಿಲ್ಲೋಣ. ಪ್ರತಿ ಏಪ್ರಿಲ್ 2ರಂದು ಆಟಿಸಂ ಜಾಗೃತಿಯ ಭಾಷಣಕ್ಕೆ ವೇದಿಕೆ ಕಟ್ಟಬಲ್ಲವರಿಗೆ ಒಂದು ಬೀಗದ ಕೈ ಕೊಡುವುದು ಅಷ್ಟು ಕಷ್ಟವೇ?