ಟಿಪ್ಸಿನ ಮೊದಲ ಪಾಲು ಮಾಲೀಕರ ಗಲ್ಲಾಕ್ಕೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮವರ ದೂರುಗಳಲ್ಲಿ ಟಿಪ್ಸಿನ ದೂರು ಖಾಯಂ. ಊಟ ಮುಗಿಸಿ ಕಾರ್ಡು ಉಜ್ಜಿದರೆ ಯಂತ್ರದ ಪರದೆ ಶೇ 18, ಶೇ 20, ಶೇ 25 ಎಂದು ಕೇಳುತ್ತದೆ. ಏನೂ ಕೊಡದೆ ಎದ್ದರೆ ಬಡಿಸಿದಾಕೆಯ ಮುಖ ನೋಡುವುದು ಕಷ್ಟವಾಗುತ್ತದೆ. ಅಮೆರಿಕನ್ನರಲ್ಲೂ ಇದೇ ಜಗಳ ನಡೆಯುತ್ತಿದೆ. ಗಿರಾಕಿಗಳು ವರ್ಷದಿಂದ ವರ್ಷಕ್ಕೆ ಜಿಪುಣರಾಗುತ್ತಿದ್ದಾರೆ ಎಂದು ಒಂದು ಗುಂಪು, ಹೋದಲ್ಲೆಲ್ಲ ಟಿಪ್ಸು ಕೇಳುವ ಕಾಟ ಅತಿಯಾಯಿತು ಎಂದು ಇನ್ನೊಂದು ಗುಂಪು. ದಿನವಿಡೀ ನಿಂತು, ಭಾರದ ತಟ್ಟೆಗಳನ್ನು ಹೊತ್ತು, ನಗುನಗುತ್ತಲೇ ದುಡಿದರೂ ವೇಟ್ರೆಸ್ಸುಗಳ ಕೈಗೆ ಸಾಕಷ್ಟು ಹಣ ಬರುತ್ತಿಲ್ಲ ಎನ್ನುವುದು ಎರಡೂ ಗುಂಪಿಗೆ ಗೊತ್ತು. ಆದರೆ ತಿನ್ನುವವರೂ ಬಡಿಸುವವರೂ ಪರಸ್ಪರ ಮುನಿಸಿಕೊಂಡು ಕೂತಿರುವಾಗ ಗಲ್ಲಾದ ಮೇಲಿರುವವನನ್ನು ಯಾರೂ ಕೇಳುತ್ತಿಲ್ಲ. ಈ ಹೆಣ್ಣುಮಕ್ಕಳ ಕಷ್ಟಕ್ಕೆ ಮೂಲ ಇರುವುದು ಗಿರಾಕಿಯ ಜೇಬಿನಲ್ಲಲ್ಲ. ಗಿರಾಕಿ ಕೊಟ್ಟ ಟಿಪ್ಸನ್ನು ಮಾಲೀಕ ತಾನು ಕೊಡಬೇಕಾದ ಸಂಬಳದಲ್ಲಿ ವಜಾ ಹಾಕಿಕೊಳ್ಳಬಹುದು ಎನ್ನುವ ಕಾನೂನಿನಲ್ಲಿದೆ. ಆ ಕಾನೂನು ಹೋಗಬೇಕು.

ಲೆಕ್ಕ ಹೀಗಿದೆ. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅದು ಕದಲಿಲ್ಲ. ಟಿಪ್ಸು ಬರುವ ಕೆಲಸಗಾರರಿಗಾದರೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದದ್ದು 2.13 ಡಾಲರ್ ಮಾತ್ರ, ಅದೂ 1991ರಿಂದ ನಿಂತಲ್ಲೇ ನಿಂತಿದೆ. ಉಳಿದ 5.12 ಡಾಲರನ್ನು ಟಿಪ್ಸಿನ ಲೆಕ್ಕದಲ್ಲಿ ತೋರಿಸಿದರೆ ಸಾಕು. ಅಂದರೆ ಗಂಟೆಗೆ ಬರುವ ಟಿಪ್ಸಿನಲ್ಲಿ ಮೊದಲ 5.12 ಡಾಲರಿನಿಂದ ಆಕೆಗೆ ಕನಿಷ್ಠ ವೇತನದ ಮೇಲೆ ಒಂದು ಸೆಂಟೂ ಹೆಚ್ಚು ಸಿಗುವುದಿಲ್ಲ. ಮಾಲೀಕ ಕೊಡಬೇಕಿದ್ದ ಸಂಬಳವಷ್ಟೇ ಇಳಿಯುತ್ತದೆ. ವರ್ಷಕ್ಕೆ ಎರಡು ಸಾವಿರ ಗಂಟೆ ದುಡಿಯುವ ಒಬ್ಬಳಿಂದ ಅವನಿಗೆ ಹೀಗೆ ಉಳಿಯುವುದು 10,240 ಡಾಲರ್. ಹತ್ತು ಜನ ಸರ್ವರ್‌ಗಳಿದ್ದರೆ ಲಕ್ಷ ಡಾಲರ್ ದಾಟಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ನಮ್ಮವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಟೆಕ್ಸಾಸಿನಲ್ಲಿ, ನಾರ್ತ್ ಕ್ಯಾರೊಲೈನಾದಲ್ಲಿ ಇಂದಿಗೂ ನಡೆಯುತ್ತಿರುವುದು ಈ 2.13ರ ಲೆಕ್ಕವೇ. ಟಿಪ್ಸು ನಂಬಿ ಬದುಕುವವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಪುರುಷರೇ ಹೆಚ್ಚಾಗಿರುವ ಕಸುಬಿನಲ್ಲಿ ಒಂದು ವೇತನ ಮೂರು ದಶಕಕ್ಕೂ ಹೆಚ್ಚು ಕಾಲ ಹೀಗೆ ಕದಲದೆ ಉಳಿಯುತ್ತಿತ್ತೇ ಎಂಬ ಅನುಮಾನ ನನಗಂತೂ ಇದೆ.

ಈ ಪದ್ಧತಿ ಆಕಾಶದಿಂದ ಇಳಿದದ್ದಲ್ಲ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಪುಲ್‌ಮನ್ ಕಂಪನಿ ತನ್ನ ಮಲಗುವ ರೈಲುಬೋಗಿಗಳಲ್ಲಿ ಪ್ರಯಾಣಿಕರ ಸೇವೆಗೆ ಬಿಡುಗಡೆಗೊಂಡ ಕಪ್ಪು ಜನರನ್ನು ತೆಗೆದುಕೊಂಡಿತು. ಸಂಬಳ ಅಲ್ಪ, ಉಳಿದದ್ದು ಪ್ರಯಾಣಿಕರ ದಯೆ. ಆಗ ಟಿಪ್ಸು ಪ್ರಜಾಪ್ರಭುತ್ವಕ್ಕೆ ಅವಮಾನ, ದೊರೆಗಳ ಕಾಲದ ಚಾಳಿ ಎಂದು ಅಮೆರಿಕನ್ನರೇ ಬೈಯುತ್ತಿದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ನಿಷೇಧಿಸಿತು, ಇನ್ನಾರು ರಾಜ್ಯಗಳು ಅದರ ಹಿಂದೆ ಬಂದವು, 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾದವು. ಪುಲ್‌ಮನ್ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ನೇತೃತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯಿಂದ ವೇತನ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಹೋಟೆಲಿನ ಹೆಂಗಸರಿಗೆ ಆ ಗೆಲುವು ದಕ್ಕಲಿಲ್ಲ. 1938ರ ಕನಿಷ್ಠ ವೇತನ ಕಾಯ್ದೆ ಅವರನ್ನು ಹೊರಗಿಟ್ಟಿತ್ತು. 1966ರ ತಿದ್ದುಪಡಿ ಒಳಗೆ ಕರೆದುಕೊಂಡಿತಾದರೂ ವೇತನದ ಅರ್ಧದಷ್ಟನ್ನು ಟಿಪ್ಸಿನಿಂದ ವಜಾ ಮಾಡಿಕೊಳ್ಳುವ ಹಕ್ಕನ್ನು ಮಾಲೀಕರಿಗೆ ಕೊಟ್ಟಿತು. ಅರ್ಧ ಎನ್ನುವ ಆ ನಂಟಾದರೂ ಉಳಿದಿದ್ದರೆ ಕನಿಷ್ಠ ವೇತನ ಏರಿದಾಗಲೆಲ್ಲ ಇವರದೂ ಏರುತ್ತಿತ್ತು. 1996ರಲ್ಲಿ ಕನಿಷ್ಠ ವೇತನ ಹೆಚ್ಚಿಸುವಾಗ ಆ ನಂಟನ್ನೇ ಕತ್ತರಿಸಿ ಇವರನ್ನು 2.13ಕ್ಕೆ ಕಟ್ಟಿಹಾಕಲಾಯಿತು. ಅಂದಿನಿಂದ ಊಟದ ಬೆಲೆ, ಮನೆ ಬಾಡಿಗೆ, ಪೆಟ್ರೋಲು ಎಲ್ಲವೂ ಏರಿವೆ.

ಮಾಲೀಕರ ಸಂಘದವರು ಇಲ್ಲಿ ತಕ್ಷಣ ಆಕ್ಷೇಪ ಎತ್ತುತ್ತಾರೆ: ಯಾರಿಗೂ ಬರೀ 2.13 ಸಿಗುವುದಿಲ್ಲ, ಟಿಪ್ಸು ಸೇರಿಸಿಯೂ 7.25 ಆಗದಿದ್ದರೆ ಕೊರತೆಯನ್ನು ನಾವೇ ತುಂಬಿಕೊಡಬೇಕೆಂದು ಕಾನೂನೇ ಹೇಳುತ್ತದೆ. ಹೇಳುವುದು ನಿಜ. ಆದರೆ ಕೊರತೆಯನ್ನು ಲೆಕ್ಕ ಹಾಕುವುದು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಅಲ್ಲ, ವಾರಕ್ಕೊಮ್ಮೆ. ಖಾಲಿ ಮೇಜುಗಳ ನಡುವೆ ಕಳೆದ ಸೋಮವಾರದ ನಷ್ಟವನ್ನು ಶನಿವಾರ ರಾತ್ರಿ ಆಕೆ ಬೆವರು ಸುರಿಸಿ ಗಳಿಸಿದ ಟಿಪ್ಸೇ ತುಂಬುತ್ತದೆ; ಮಾಲೀಕ ಬಿಚ್ಚುವುದೇನೂ ಇಲ್ಲ. ವ್ಯಾಪಾರ ಬಿದ್ದ ದಿನದ ನಷ್ಟವನ್ನು ಹೀಗೆ ಆಳುಗಳ ತಲೆಗೆ ಕಟ್ಟಬಹುದಾದ ಉದ್ಯಮ ಬೇರೆ ಎಷ್ಟಿದ್ದಾವು? ವಾರದ ಲೆಕ್ಕದಲ್ಲೂ ಕೊರತೆ ಬಿದ್ದರೆ ಅದನ್ನು ಕೇಳಬೇಕಾದವಳು ಆಕೆಯೇ. ಕೇಳಬೇಕಾದದ್ದು ಯಾರನ್ನು? ಮುಂದಿನ ವಾರ ಆಕೆಗೆ ಶನಿವಾರದ ಪಾಳಿ ಕೊಡಬೇಕೋ ಮಂಗಳವಾರ ಮಧ್ಯಾಹ್ನದ ಪಾಳಿ ಕೊಡಬೇಕೋ ಎಂದು ತೀರ್ಮಾನಿಸುವ ಮ್ಯಾನೇಜರನ್ನು. 2010ರಿಂದ 2012ರವರೆಗೆ ಅಮೆರಿಕದ ಕಾರ್ಮಿಕ ಇಲಾಖೆ ಸುಮಾರು ಒಂಬತ್ತು ಸಾವಿರ ರೆಸ್ಟೋರೆಂಟುಗಳನ್ನು ತಪಾಸಣೆ ಮಾಡಿದಾಗ ಶೇ 84ರಷ್ಟು ಕಡೆ ಒಂದಲ್ಲ ಒಂದು ವೇತನ ನಿಯಮದ ಉಲ್ಲಂಘನೆ ಸಿಕ್ಕಿತು. ತಪಾಸಣೆಗೆ ಆರಿಸಿಕೊಂಡವುಗಳಲ್ಲಿ ದೂರು ಬಂದ ಜಾಗಗಳೇ ಹೆಚ್ಚಿದ್ದಿರಬಹುದು, ಒಪ್ಪೋಣ. ಹಾಗಿದ್ದರೂ ಈ ಕಾನೂನು ತಾನಾಗಿಯೇ ಪಾಲನೆಯಾಗುತ್ತದೆ ಎಂದು ನಂಬಲು ವಿಶೇಷ ಭೋಳೆತನ ಬೇಕು.

ಇನ್ನು ಕೆಲಸದ ಮಾತು. ಗಿರಾಕಿ ಕಣ್ಣಿಗೆ ಬೀಳುವುದು ಆರ್ಡರು ಬರೆದುಕೊಂಡು ತಟ್ಟೆ ತಂದಿಡುವಷ್ಟು ಹೊತ್ತಿನ ಕೆಲಸ. ಬಾಗಿಲು ತೆರೆಯುವ ಮೊದಲು ಮತ್ತು ಮುಚ್ಚಿದ ಮೇಲೆ ಚಾಕು, ಚಮಚಗಳನ್ನು ಕರವಸ್ತ್ರದಲ್ಲಿ ಸುತ್ತಿಡುವುದು, ಉಪ್ಪು ಮೆಣಸಿನ ಡಬ್ಬಿ ತುಂಬುವುದು, ಮೇಜು ಕುರ್ಚಿ ಒರೆಸುವುದು, ನೆಲ ಗುಡಿಸುವುದು ಕೂಡ ಅವಳದೇ. ಆ ಹೊತ್ತಿನಲ್ಲಿ ಟಿಪ್ಸು ಕೊಡಲು ಯಾರೂ ಇರುವುದಿಲ್ಲ, ಸಂಬಳ ಮಾತ್ರ ಅದೇ 2.13. ಇಂಥ ಕೆಲಸ ಒಟ್ಟು ಸಮಯದ ಶೇ 20 ಮೀರಿದರೆ ಆ ಹೊತ್ತಿಗೆ ಪೂರ್ತಿ ಕನಿಷ್ಠ ವೇತನ ಕೊಡಬೇಕು ಎಂದು ಕಾರ್ಮಿಕ ಇಲಾಖೆ ಬಹುಕಾಲ ಹೇಳಿಕೊಂಡು ಬಂದಿತ್ತು, 2021ರಲ್ಲಿ ಅದನ್ನು ನಿಯಮವಾಗಿಯೂ ಬರೆಯಿತು. ರೆಸ್ಟೋರೆಂಟು ಸಂಘಗಳು ಕೋರ್ಟಿಗೆ ಹೋದವು; 2024ರ ಆಗಸ್ಟಿನಲ್ಲಿ ಅಲ್ಲಿನ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು. ಇದರ ಮೇಲೆ ತನ್ನ ಟಿಪ್ಸಿನಲ್ಲಿ ಬಾರಿನವನಿಗೆ, ಮೇಜು ತೆಗೆಯುವ ಹುಡುಗನಿಗೆ ಪಾಲು ಕೊಡಬೇಕು. ಎಷ್ಟೋ ಕಡೆ ಆ ಪಾಲನ್ನು ಲೆಕ್ಕ ಹಾಕುವುದು ಬಂದ ಟಿಪ್ಸಿನ ಮೇಲಲ್ಲ, ಆದ ವ್ಯಾಪಾರದ ಮೇಲೆ; ಒಂದು ಮೇಜಿನವರು ಏನೂ ಕೊಡದೆ ಎದ್ದುಹೋದರೆ ಅವರಿಗೆ ಬಡಿಸಿದ್ದಕ್ಕೆ ಆಕೆಯೇ ದುಡ್ಡು ತೆತ್ತಂತೆ.

ಟಿಪ್ಸು ಇದ್ದರೇ ಒಳ್ಳೆಯ ಸೇವೆ ಎನ್ನುವ ವಾದ ಕೇಳಲು ಚೆನ್ನಾಗಿದೆ, ಪುರಾವೆಯ ಮುಂದೆ ನಿಲ್ಲುವುದಿಲ್ಲ. ಈ ವಿಷಯವನ್ನೇ ದಶಕಗಳಿಂದ ಅಧ್ಯಯನ ಮಾಡಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಅವರ ಸಂಶೋಧನೆಗಳ ಪ್ರಕಾರ ಸೇವೆಯ ಗುಣಮಟ್ಟಕ್ಕೂ ಟಿಪ್ಸಿನ ಪ್ರಮಾಣಕ್ಕೂ ಇರುವ ನಂಟು ತೀರಾ ದುರ್ಬಲ. ಗಿರಾಕಿಯ ಭುಜವನ್ನು ಹಗುರವಾಗಿ ಮುಟ್ಟಿದರೆ, ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಾತಾಡಿಸಿದರೆ, ಬಿಲ್ಲಿನ ಜೊತೆ ಚಾಕಲೇಟು ಇಟ್ಟರೆ ಟಿಪ್ಸು ಹೆಚ್ಚುತ್ತದೆ. ಕಪ್ಪು ಸರ್ವರ್‌ಗಳಿಗೆ ಬಿಳಿಯರಿಗಿಂತ ಕಡಿಮೆ ಬೀಳುತ್ತದೆ. ಹೀಗೆ ಮೈಬಣ್ಣವನ್ನೂ ಮುಗುಳ್ನಗೆಯನ್ನೂ ಸಂಬಳದ ಅಳತೆಗೋಲು ಮಾಡುವ ಅಧಿಕಾರವನ್ನು ಯಾವ ಮ್ಯಾನೇಜರಿಗೂ ಕಾನೂನು ಕೊಟ್ಟಿಲ್ಲ. ಅದೇ ಕಾನೂನು ಮೇಜಿಗೆ ಬಂದು ಕೂತ ಪ್ರತಿಯೊಬ್ಬ ಅಪರಿಚಿತನ ಕೈಗೆ ಅದನ್ನು ಕೊಟ್ಟಿದೆ. ಅಸಹ್ಯ ಮಾತಾಡುವ ಗಿರಾಕಿಯನ್ನು ಗದರಿಸಬೇಕೋ ನಕ್ಕು ಸುಮ್ಮನಾಗಬೇಕೋ ಎನ್ನುವುದು ಆಗ ಸ್ವಾಭಿಮಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆ ತಿಂಗಳ ಬಾಡಿಗೆಯ ಪ್ರಶ್ನೆಯಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಬಡಿಸುವವರ ಕಡೆಯಿಂದಲೇ. ಮೇನ್ ರಾಜ್ಯದ ಮತದಾರರು 2016ರಲ್ಲಿ ಈ ಅರೆಸಂಬಳವನ್ನು ಹಂತಹಂತವಾಗಿ ತೆಗೆಯಲು ಮತ ಹಾಕಿದಾಗ ಅದನ್ನು ತಿರುಗಿಸಿ ಎಂದು ಶಾಸನಸಭೆಗೆ ದುಂಬಾಲು ಬಿದ್ದವರಲ್ಲಿ ಸರ್ವರ್‌ಗಳೇ ಮುಂದಿದ್ದರು. 2017ರಲ್ಲಿ ಅದು ತಿರುಗಿಯೂ ಬಿಟ್ಟಿತು. ರಾಜಧಾನಿ ವಾಷಿಂಗ್ಟನ್ನಿನಲ್ಲಿ 2018ರಲ್ಲಿ ಜನ ಒಪ್ಪಿದ್ದನ್ನು ನಗರಸಭೆ ಕೆಲವೇ ತಿಂಗಳಲ್ಲಿ ರದ್ದು ಮಾಡಿತು. 2022ರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮತ್ತೆ ಮತ ಹಾಕಿ ಗೆಲ್ಲಿಸಿದರೆ, 2025ರಲ್ಲಿ ಅದೇ ನಗರಸಭೆ ಪೂರ್ತಿ ವೇತನದ ಮಾತನ್ನು ಬಿಟ್ಟು 2034ರ ಹೊತ್ತಿಗೆ ಮುಕ್ಕಾಲು ವೇತನ ಎಂದು ಮೊಟಕುಗೊಳಿಸಿತು. ಮ್ಯಾಸಚೂಸೆಟ್ಸಿನಲ್ಲಿ 2024ರಲ್ಲಿ ಮತದಾರರೇ ಬೇಡವೆಂದರು. ಸರ್ವರ್‌ಗಳ ಭಯವನ್ನು ಮಾಲೀಕರ ಪ್ರಚಾರ ಎಂದು ತಳ್ಳಿಹಾಕುವುದು ಅನ್ಯಾಯ. ದುಬಾರಿ ಸ್ಟೀಕ್ ಹೌಸಿನಲ್ಲಿ ಶುಕ್ರವಾರ ರಾತ್ರಿ ನೂರಾರು ಡಾಲರ್ ಎಣಿಸುವವಳಿಗೆ, ಸಂಬಳ ಹೆಚ್ಚಿದರೆ ಗಿರಾಕಿ ಕೈ ಬಿಗಿ ಮಾಡಿಯಾನು ಎನ್ನುವ ಲೆಕ್ಕ ಸಹಜವೇ. ಆದರೆ ಹೆದ್ದಾರಿ ಪಕ್ಕದ ತಿಂಡಿ ಅಂಗಡಿಯಲ್ಲಿ ಕಾಫಿ, ಮೊಟ್ಟೆ ಕೊಟ್ಟು ಒಂದೆರಡು ಡಾಲರ್ ಪಡೆಯುವವಳ ಪಾಡು ಬೇರೆ. ಕನಿಷ್ಠ ವೇತನದ ಕಾನೂನು ಇರಬೇಕಾದದ್ದು ಅವಳಿಗಾಗಿ. ಮೊದಲನೆಯವಳ ಭಯಕ್ಕೂ ಉತ್ತರವಿದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ನೆವಾಡಾ, ಮಿನೆಸೊಟಾ, ಮೊಂಟಾನಾ, ಅಲಾಸ್ಕಾ ಈ ಏಳು ರಾಜ್ಯಗಳಲ್ಲಿ ಟಿಪ್ಸನ್ನು ಸಂಬಳದಲ್ಲಿ ವಜಾ ಮಾಡುವಂತಿಲ್ಲ. ಅಲ್ಲಿನವರು ಪೂರ್ತಿ ವೇತನ ಪಡೆದು ಅದರ ಮೇಲೆ ಟಿಪ್ಸನ್ನೂ ಪಡೆಯುತ್ತಾರೆ. ಸಿಯಾಟಲ್ಲಿನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ನಮ್ಮವರನ್ನು ಕೇಳಿ ನೋಡಿ, ಹೋಟೆಲುಗಳು ಮುಚ್ಚಿಹೋಗಿಲ್ಲ, ಟಿಪ್ಸು ಕೇಳುವ ಪರದೆಯೂ ಮಾಯವಾಗಿಲ್ಲ.

ಬೆಲೆ ಏರುತ್ತದಲ್ಲ ಎಂದರೆ, ಸ್ವಲ್ಪ ಏರಬಹುದು, ಏರಲಿ. ಈಗ ಬಿಲ್ಲಿನ ಕೆಳಗೆ ಸೇರುವ ಶೇ 20 ಬೆಲೆಯಲ್ಲದೆ ಮತ್ತೇನು? ನಿಜವಾದ ತೊಡಕು ಬೇರೆ ಕಡೆ ಇದೆ. ನ್ಯೂಯಾರ್ಕಿನ ಹೆಸರಾಂತ ರೆಸ್ಟೋರೆಂಟು ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸು ತೆಗೆದು, ಬೆಲೆ ಏರಿಸಿ, ಅದರಲ್ಲೇ ಸಂಬಳ ಕೊಡಲು ಹೊರಟರು. ಪಕ್ಕದವನ ಮೆನುವಿನಲ್ಲಿ ಟಿಪ್ಸು ಬಿಟ್ಟು ಬರೆದ ಬೆಲೆ ಕಡಿಮೆ ಕಾಣುತ್ತಿತ್ತು, ಒಳ್ಳೆಯ ಸರ್ವರ್‌ಗಳು ಬೇರೆಡೆಗೆ ಹೋದರು, 2020ರಲ್ಲಿ ಅವರು ಕೈಚೆಲ್ಲಿದರು. ಟಿಪ್ಸಿಲ್ಲದೆ ಆಗದು ಎನ್ನುವವರು ಈ ಉದಾಹರಣೆಯನ್ನು ಹಿಡಿದು ಕುಣಿಯುತ್ತಾರೆ. ಅದು ತೋರಿಸಿಕೊಡುವುದು ಇಷ್ಟೇ: ಒಬ್ಬ ಮಾಲೀಕನ ಸದುದ್ದೇಶದಿಂದ ಇದು ಆಗುವ ಕೆಲಸವಲ್ಲ, ಎಲ್ಲರಿಗೂ ಒಂದೇ ನಿಯಮ ಬೇಕು. ಆ ನಿಯಮ ಬಾರದಂತೆ ನೋಡಿಕೊಳ್ಳುವ ನ್ಯಾಷನಲ್ ರೆಸ್ಟೋರೆಂಟ್ ಅಸೋಸಿಯೇಷನ್ನಿನ ಆದಾಯದ ಒಂದು ಮೂಲ ಸರ್ವ್‌ಸೇಫ್ ಎಂಬ ಆಹಾರ ಸುರಕ್ಷತೆಯ ತರಬೇತಿ. ಅನೇಕ ರಾಜ್ಯಗಳಲ್ಲಿ ಇಂಥ ತರಬೇತಿ ಕಡ್ಡಾಯ, ಸುಮಾರು 15 ಡಾಲರ್ ಶುಲ್ಕವನ್ನು ಎಷ್ಟೋ ಸಲ ಕೆಲಸಗಾರರೇ ಕಟ್ಟುತ್ತಾರೆ. ತಮ್ಮ ಸಂಬಳ ಏರದಂತೆ ತಡೆಯುವವರಿಗೆ ತಾವೇ ಚಂದಾ ಕೊಟ್ಟಂತಾಯಿತು.

ರಾಜಕಾರಣಿಗಳು ಹುಡುಕಿಕೊಂಡಿರುವ ಪರಿಹಾರ ಇನ್ನೂ ಜಾಣತನದ್ದು. 2024ರ ಚುನಾವಣೆಯಲ್ಲಿ ಟಿಪ್ಸಿನ ಮೇಲೆ ತೆರಿಗೆಯಿಲ್ಲ ಎಂದು ಮೊದಲು ಡೊನಾಲ್ಡ್ ಟ್ರಂಪ್, ಆಮೇಲೆ ಕಮಲಾ ಹ್ಯಾರಿಸ್ ಘೋಷಿಸಿದರು. ಇಬ್ಬರೂ ಘೋಷಿಸಿದ್ದು ಲಾಸ್ ವೇಗಾಸಿನಲ್ಲಿ, ಅಂದರೆ ಟಿಪ್ಸನ್ನು ಸಂಬಳದಲ್ಲಿ ವಜಾ ಮಾಡಲು ಬಿಡದ ನೆವಾಡಾದಲ್ಲಿ. 2025ರ ಜುಲೈನಲ್ಲಿ ಅದು ಕಾನೂನಾಯಿತು: 2028ರವರೆಗೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸಿಗೆ ಆದಾಯ ತೆರಿಗೆಯ ವಿನಾಯಿತಿ. ಯೇಲ್ ವಿಶ್ವವಿದ್ಯಾಲಯದ ಬಜೆಟ್ ಲ್ಯಾಬ್ ಲೆಕ್ಕ ಹಾಕಿದಂತೆ ಟಿಪ್ಸು ಪಡೆಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಕೇಂದ್ರ ಆದಾಯ ತೆರಿಗೆ ಕಟ್ಟುವಷ್ಟೂ ದುಡಿಯುವುದಿಲ್ಲ. ಅವರಿಗೆ ಈ ವಿನಾಯಿತಿಯಿಂದ ಬಿಡಿಗಾಸೂ ಸಿಗದು. ಸಿಗುವವರಿಗೂ ಕೊಡುತ್ತಿರುವುದು ಸರ್ಕಾರದ ಬೊಕ್ಕಸ, ಮಾಲೀಕರಿಗೆ ಒಂದು ಡಾಲರಿನ ಖರ್ಚೂ ಇಲ್ಲ. ಗಿರಾಕಿಯ ಮೇಲಿದ್ದ ಹೊರೆಯಲ್ಲಿ ತೆರಿಗೆದಾರನೂ ಪಾಲುದಾರನಾದ, ಅಷ್ಟೇ.

ನಮ್ಮ ಕಾನೂನು ಈ ಒಂದು ವಿಷಯದಲ್ಲಿ ಮೇಲು. ಐಟಿಸಿ ಹೋಟೆಲುಗಳ ತೆರಿಗೆ ಪ್ರಕರಣದಲ್ಲಿ ಗಿರಾಕಿ ಕೊಟ್ಟ ಟಿಪ್ಸು ಮಾಲೀಕನಿಂದ ಬಂದ ಸಂಬಳವಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು, ಸೇವಾಶುಲ್ಕವನ್ನು ಬಿಲ್ಲಿನಲ್ಲಿ ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂಬ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದು ಕೆಲಸಗಾರರಿಗೇ ಹೋಗುತ್ತದೆ ಎನ್ನುವ ಹೋಟೆಲುಗಳ ವಾದ ನಡೆಯಲಿಲ್ಲ. ಕೆಲಸಗಾರರ ಮೇಲೆ ಅಷ್ಟು ಕಾಳಜಿಯಿದ್ದರೆ ಸಂಬಳ ಏರಿಸಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಆದರೆ ಕನಿಷ್ಠ ವೇತನದ ಖಾತರಿಯೇ ಇಲ್ಲದ ಕಡೆ ಟಿಪ್ಸು ಸಂಬಳದ ಜಾಗಕ್ಕೆ ನುಸುಳುತ್ತದೆ, ನಮ್ಮ ಆ್ಯಪ್‌ಗಳಲ್ಲಿ ಅದು ಶುರುವಾಗಿದೆ. 2025ರ ಮೇ ತಿಂಗಳಲ್ಲಿ ಊಬರ್ ಸವಾರಿಗೆ ಮೊದಲೇ ಟಿಪ್ಸು ಕೇಳುತ್ತಿರುವುದರ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಆಕ್ಷೇಪಿಸಿದರು, ಪ್ರಾಧಿಕಾರ ನೋಟಿಸು ಕೊಟ್ಟಿತು. ಅವರು ನೋಡಿದ್ದು ಪ್ರಯಾಣಿಕನ ಕಷ್ಟವನ್ನು. ಚಾಲಕನಿಗೆ ಕಂಪನಿ ಕೊಡುವ ದರ ಆ ಟಿಪ್ಸನ್ನು ನೆಚ್ಚಿಕೊಂಡು ಇಳಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಪ್ರತಿ ವಹಿವಾಟಿನಲ್ಲಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವಿದೆ, ಕನಿಷ್ಠ ಗಳಿಕೆಯ ಖಾತರಿ ಇಲ್ಲ. ಗಿರಾಕಿ ಕೊಟ್ಟ ಟಿಪ್ಸು ಪೂರ್ತಿ ದುಡಿದವರಿಗೇ ಸೇರಬೇಕು, ಕಂಪನಿ ಕೊಡುವ ದರದ ಲೆಕ್ಕಕ್ಕೆ ಅದು ಬರಕೂಡದು ಎಂದು ಬೆಂಗಳೂರಿನ ಕಾರ್ಮಿಕ ಇಲಾಖೆ ಈಗಲೇ ಬರೆದಿಡಬೇಕು. ಅಮೆರಿಕದವರು 1966ರಲ್ಲಿ ಇದರ ಉಲ್ಟಾ ಬರೆದರು, ಅದನ್ನು ಅಳಿಸಲು ಇವತ್ತಿಗೂ ಒಂದೊಂದು ರಾಜ್ಯದಲ್ಲಿ ಒಂದೊಂದು ಚುನಾವಣೆ ನಡೆಸುತ್ತಿದ್ದಾರೆ.