ಮೂಟೆ ಕಟ್ಟುವವರ ಕೂಲಿ

ಕಬ್ಬು ಗದ್ದೆಯಲ್ಲಿದ್ದರೆ ಸಕ್ಕರೆಯಾಗದು; ಅರೆಯಬೇಕು, ಕಾಯಿಸಬೇಕು, ಮೂಟೆ ಕಟ್ಟಬೇಕು. ಪಾಂಡವಪುರದ ಕಾರ್ಖಾನೆಯ ಬಂಧುಗಳಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನ ಮುಕ್ತ ತಂತ್ರಾಂಶದ ಕಥೆಯೂ ಇದೇ.

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಸ್ವಯಂಸೇವಕರು ಮೂಲ ಬರಹವನ್ನು ಸಿದ್ಧಪಡಿಸಿ ಒಪ್ಪಿಸುತ್ತಾರೆ. ಬಗೆಬಗೆಯ ಕಂಪ್ಯೂಟರುಗಳಿಗೆ ತಕ್ಕ ಮೂಟೆಗಳನ್ನು ಯಂತ್ರಗಳು ತಾವಾಗಿಯೇ ಕಟ್ಟುತ್ತವೆ. 2023ರ 12ನೆಯ ಆವೃತ್ತಿಯಲ್ಲಿ ಇಂಥ ಮೂಟೆಗಳು 64 ಸಾವಿರಕ್ಕೂ ಹೆಚ್ಚು. 'ಗುಬ್ಬಿ', 'ನವಿಲು' ಎಂಬ ಕನ್ನಡ ಅಕ್ಷರಗಳೂ ಅಲ್ಲಿವೆ. ನಾಗಮಂಗಲದ ಅಂಗಡಿಕಾರರೂ ಕಾಸಿಲ್ಲದೆ ಪಡೆಯಬಹುದು.

ಆದರೆ ಯಂತ್ರಕ್ಕೆ ವಿವೇಕವಿಲ್ಲ. 2024ರ ಮಾರ್ಚಿಯಲ್ಲಿ ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ಸಂಬಳವಿಲ್ಲದೆ ಅದನ್ನು ವರ್ಷಗಟ್ಟಲೆ ನೋಡಿಕೊಂಡು ದಣಿದಿದ್ದವರ ನೆರವಿಗೆ ಬಂದಂತೆ ನಟಿಸಿದವರೇ ಅದನ್ನು ತುರುಕಿದ್ದರು. ಯಂತ್ರಗಳು ಅದನ್ನೂ ನಿಷ್ಠೆಯಿಂದ ಮೂಟೆ ಕಟ್ಟಿದುವು. ಡೆಬಿಯನ್ನಿನ ಪರೀಕ್ಷಾ ಆವೃತ್ತಿಯವರೆಗೂ ಅದು ಬಂದಿತ್ತು. ಅರ್ಧ ಸೆಕೆಂಡಿನ ವಿಳಂಬವೇಕೆಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರಿಂದ ಅನಾಹುತ ತಪ್ಪಿತು.

ಪುಕ್ಕಟೆ ಸಿಕ್ಕುವುದೆಂದರೆ ದುಡಿಮೆಯಿಲ್ಲದೆ ಆದುದೆಂದಲ್ಲ. ಈ ಮೂಟೆಗಳ ಮೇಲೆ ಕೋಟಿಗಟ್ಟಲೆ ಲಾಭ ಗಳಿಸುವ ಕಂಪನಿಗಳೂ, ಕಚೇರಿ ನಡೆಸುವ ಸರಕಾರಗಳೂ ಕಾಯುವವರಿಗೆ ಕೂಲಿ ಕೊಡಬೇಕು. ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶದಿಂದಲೇ ಪಾಠ ನಡೆಸುತ್ತಿವೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ಮಕ್ಕಳಿಗೂ ಅದು ಸಿಗಲಿ. ಬಳಸುವ ಕೈ ಕಲಿತಲ್ಲಿ ಕಾಯುವ ಕೈಯೂ ಹುಟ್ಟುತ್ತದೆ.